ಟ್ರ್ಯಾಕ್ಟರಿನ ಕೈ ಕಾರಿನ ಬೋಲ್ಟಿಗೆ ಬೇಡ

ದೇಶನೂರು, ಸಿರುಗುಪ್ಪದ ಸುತ್ತಮುತ್ತ ಮನೆಯ ಮುಂದೆಯೇ ಬಾನೆಟ್ ಎತ್ತಿ ಕಾರು ರಿಪೇರಿಗೆ ಇಳಿಯುವವರಿಗಾಗಿ ಈ ಸೂಚನೆ.

ನಮ್ಮ ಕಡೆ ಪಾನ ಹಿಡಿದು ಗೊತ್ತಿಲ್ಲದ ಮನೆ ಕಡಿಮೆ. ಭತ್ತದ ಗದ್ದೆಗೆ ಇಳಿಯುವ ಮುನ್ನ ಕೇಜ್ ವೀಲ್ ಕಟ್ಟಿ, ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ಸಾಲು ನಿಂತಾಗ ಟ್ರೇಲರಿನ ಗಾಲಿ ಬಿಚ್ಚಿ ಪಳಗಿದ ಕೈಗಳಿವು. ತೊಂದರೆ ಹುಟ್ಟುವುದೂ ಅಲ್ಲೇ. ಟ್ರ್ಯಾಕ್ಟರಿನ 19, 24 ನಂಬರಿನ ಬೋಲ್ಟಿಗೆ ಹಾಕುವ ಬಲವನ್ನೇ ಕಾರಿನ 10 ನಂಬರಿನ ಬೋಲ್ಟಿಗೂ ಹಾಕುತ್ತೇವೆ. 10 ನಂಬರಿನ ಪಾನ ಕೂರುವ ಬೋಲ್ಟಿನ ತಲೆ ಮಾತ್ರ 10 ಎಂಎಂ. ಒಳಗಿನ ದಂಡು ಬರೀ 6 ಎಂಎಂ. ಅದನ್ನು ಬಿಗಿ ಮಾಡಲು ಒಂದು ಅಡಿ ಉದ್ದದ ಪಾನದ ತುದಿಯಲ್ಲಿ ಸುಮಾರು ಮೂರು ಕಿಲೋ ಬಲ ಸಾಕು. ಗದ್ದೆ ಕೆಲಸ ಮಾಡಿದ ಕೈ ಲೆಕ್ಕವಿಲ್ಲದೆ ಹತ್ತು ಕಿಲೋ ಎಳೆಯುತ್ತದೆ. ಬೋಲ್ಟು ಮುರಿಯದೆ ಇನ್ನೇನಾದೀತು?

ಮೊದಲು ಕಾರಿನಡಿಯ ಮಾತು. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತೂರಬಾರದು, ಒಂದು ನಿಮಿಷಕ್ಕೂ ಬೇಡ. ಎರೆ ಮಣ್ಣಿನ ಅಂಗಳದಲ್ಲಿ ಜಾಕ್ ನಿಧಾನವಾಗಿ ಹುದುಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅಡಿಗೆ ದಪ್ಪ ಹಲಗೆ ಹಾಕಿ. ಇಟ್ಟಿಗೆ, ಕಡಪಾ ಕಲ್ಲಿನ ಆಧಾರ ಕೊಡಬೇಡಿ. ಅವು ಮುನ್ಸೂಚನೆ ಇಲ್ಲದೆ ಸೀಳುತ್ತವೆ. ಜಾಕ್ ಸ್ಟ್ಯಾಂಡ್ ಇಲ್ಲದಿದ್ದರೆ ಅಡಿಯ ಕೆಲಸ ಮನೆಯಲ್ಲಿ ಬೇಡವೇ ಬೇಡ. ಬಿಗಿದ ಬೋಲ್ಟು ಎಳೆಯುವಾಗ ಇಡೀ ಕಾರು ಅಲುಗುತ್ತದೆ ಎಂಬುದು ನೆನಪಿರಲಿ. ಮೈ ಸಣ್ಣದೆಂದು ಹುಡುಗರನ್ನು ಒಳಗೆ ಕಳಿಸುವ ರೂಢಿಯನ್ನು ಇಂದೇ ಬಿಡಿ.

ಬ್ಯಾಟರಿಯ ಮೈನಸ್ ವೈರು ತೆಗೆದ ಮೇಲೆಯೇ ಎಂಜಿನ್ನಿಗೆ ಕೈ ಹಾಕಿ.

ಬೋಲ್ಟಿನ ಸುತ್ತಲಿನ ಮಣ್ಣನ್ನು ತಂತಿ ಬ್ರಷ್‌ನಿಂದ ಪೂರ್ತಿ ತೆಗೆಯಿರಿ. ಕಾಲುವೆ ನೀರು ನಿಂತು ಸವುಳಾದ ಹೊಲದ ಕೆಸರು ಅಂಟಿದ್ದರೆ ಇನ್ನೂ ಎಚ್ಚರ. ಆ ಉಪ್ಪು ತುಕ್ಕನ್ನು ಬೇಗ ಎಬ್ಬಿಸುತ್ತದೆ. ಮಣ್ಣು ತೆಗೆಯದೆ ಕೂರಿಸಿದ ಪಾನ ಅರ್ಧ ಕೂರುತ್ತದೆ, ಜಾರುತ್ತದೆ, ತಲೆಯ ಮೂಲೆ ಸವೆಯುತ್ತದೆ. ಒಮ್ಮೆ ಸವೆದ ತಲೆಗೆ ಆಮೇಲೆ ಯಾವ ಪಾನವೂ ನಿಲ್ಲದು.

ಬಾಯಿ ತೆರೆದ ಪಾನ, ಹೊಂದಿಸುವ ಸ್ಕ್ರೂ ಪಾನ, ಇಕ್ಕಳ, ಇವು ಬಿಗಿದ ಬೋಲ್ಟಿಗೆ ನಿಷಿದ್ಧ. ಆರು ಮೂಲೆಯ ಸಾಕೆಟ್ ತನ್ನಿ. ಹನ್ನೆರಡು ಮೂಲೆಯದು ಸುಲಭವಾಗಿ ಕೂರುತ್ತದೆ ನಿಜ, ಆದರೆ ಬಲ ಬಿದ್ದಾಗ ಮೂಲೆಗಳನ್ನಷ್ಟೇ ಒತ್ತುತ್ತದೆ. ಆರು ಮೂಲೆಯದು ತಲೆಯನ್ನು ಅಗಲವಾಗಿ ಹಿಡಿಯುತ್ತದೆ.

ಈಗ ಎಣ್ಣೆ. ಇದರಲ್ಲಿ ಆತುರ ಸಲ್ಲದು. ಡಬ್ಲ್ಯೂಡಿ-40 ಅಥವಾ ಅಂಥ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಿರಿ. ಅದಿಲ್ಲದಿದ್ದರೆ ತಣ್ಣಗಿರುವ ಎಂಜಿನ್ನಿನ ಮೇಲೆ ಡೀಸೆಲ್ಲಿನ ಕೆಲವು ಹನಿ ಆಗುತ್ತದೆ. ಅಡುಗೆ ಎಣ್ಣೆ ಬೇಡ, ಒಣಗಿ ಅಂಟಾಗುತ್ತದೆ. ಸುಟ್ಟ ಎಂಜಿನ್ ಆಯಿಲ್ ಸಂದಿಗೆ ಇಳಿಯಲಾರದಷ್ಟು ದಪ್ಪ. ಎಣ್ಣೆ ಬಿಟ್ಟು ಬೋಲ್ಟಿನ ತಲೆಯ ಮೇಲೆ ಸಣ್ಣ ಸುತ್ತಿಗೆಯಿಂದ ಹತ್ತಿಪ್ಪತ್ತು ಹಗುರ ಪೆಟ್ಟು ಕೊಡಿ. ಆ ಅದುರಿಗೆ ತುಕ್ಕು ಬಿರಿದು ಎಣ್ಣೆಗೆ ದಾರಿಯಾಗುತ್ತದೆ. ಅರ್ಧ ಗಂಟೆ ಬಿಟ್ಟು ಮತ್ತೆ ಎಣ್ಣೆ, ಮತ್ತೆ ಪೆಟ್ಟು. ಸಂಜೆ ಶುರು ಮಾಡಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಬಿಚ್ಚಿ. ನಮ್ಮ ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ಬಾನೆಟ್ ಮುಟ್ಟುವಂತಿರುವುದಿಲ್ಲ, ಬಿಸಿಲಿಗೆ ತಾಳ್ಮೆಯೂ ಕೆಡುತ್ತದೆ. ನಾನು ಮುರಿದ ಎರಡು ಬೋಲ್ಟುಗಳೂ ಮಧ್ಯಾಹ್ನವೇ ಮುರಿದವು.

ಬಿಚ್ಚುವಾಗ ಮೊದಲು ಕೂದಲೆಳೆಯಷ್ಟು ಬಿಗಿ ಕಡೆಗೆ ಒತ್ತಿ, ಆಮೇಲೆ ಸಡಿಲ ಕಡೆಗೆ. ಅಲುಗಿದ ಕೂಡಲೇ ಗರಗರ ತಿರುಗಿಸಬೇಡಿ. ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ಹಿಂದಕ್ಕೆ ತನ್ನಿ, ಎಣ್ಣೆ ಬಿಡಿ, ಮತ್ತೆ ಮುಂದೆ ಹೋಗಿ. ಪಾನವನ್ನು ಮೈಕಡೆಗೆ ಎಳೆಯಿರಿ. ತಳ್ಳಲೇಬೇಕಾದರೆ ಅಂಗೈ ಬಿಚ್ಚಿ ತಳ್ಳಿ. ಮುಷ್ಟಿ ಕಟ್ಟಿ ತಳ್ಳಿದರೆ ಪಾನ ಜಾರಿದಾಗ ಗೆಣ್ಣು ಕಿತ್ತುಹೋಗುತ್ತದೆ.

ಈ ಹೊತ್ತಿನಲ್ಲಿ ಕಿವಿ, ಕೈ ಎರಡೂ ಎಚ್ಚರವಾಗಿರಬೇಕು. ‘ಟಕ್’ ಎಂದು ಬಿರುಸಾಗಿ ಸದ್ದಾದರೆ ತುಕ್ಕು ಬಿಟ್ಟಿತು ಎಂದು ತಿಳಿಯಿರಿ. ಸದ್ದಿಲ್ಲದೆ ರಬ್ಬರಿನಂತೆ ಮೆತ್ತಗೆ ತಿರುಗುತ್ತಿದೆ, ಕೈ ಬಿಟ್ಟರೆ ಹಿಂದಕ್ಕೆ ಬರುತ್ತಿದೆ ಎಂದರೆ ಬೋಲ್ಟು ತಿರುಗುತ್ತಿಲ್ಲ, ತಿರುಚಿಕೊಳ್ಳುತ್ತಿದೆ. ಅಲ್ಲೇ ನಿಲ್ಲಿಸಿ. ಇನ್ನೊಂದು ಎಳೆತಕ್ಕೆ ತಲೆ ಕೈಗೆ ಬರುತ್ತದೆ, ದಂಡು ಎಂಜಿನ್ನಿನೊಳಗೇ ಉಳಿಯುತ್ತದೆ.

ಪಾನದ ಹಿಡಿಗೆ ಬೋರ್‌ವೆಲ್ ಪೈಪಿನ ತುಂಡು ಸಿಕ್ಕಿಸುವುದು ಗಾಲಿಯ ನಟ್ಟಿಗೆ ನಡೆದೀತು. ಎಂಜಿನ್ನಿನ 10, 12 ನಂಬರಿನ ಬೋಲ್ಟುಗಳಿಗೆ ಪೈಪು ಕೂಡದು. ಪೈಪಿನಿಂದ ಬಲ ಹೆಚ್ಚುವುದಷ್ಟೇ ಅಲ್ಲ, ಬೋಲ್ಟು ಹೇಳುವ ಸುದ್ದಿ ಕೈಗೆ ಮುಟ್ಟುವುದೂ ನಿಂತುಹೋಗುತ್ತದೆ.

ಬಿಸಿಯ ವಿಷಯದಲ್ಲಿ ಬಹಳ ಜನ ತಪ್ಪುತ್ತಾರೆ. ಅಲ್ಯೂಮಿನಿಯಂ ಬಿಸಿಗೆ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಾಗಾಗಿ ಅಲ್ಯೂಮಿನಿಯಂ ಭಾಗದೊಳಗೆ ಹಿಡಿದುಕೊಂಡ ಕಬ್ಬಿಣದ ಬೋಲ್ಟು ಸುತ್ತಲಿನ ಲೋಹ ಬಿಸಿಯಾದಾಗ ಸ್ವಲ್ಪ ಸಡಿಲವಾಗುತ್ತದೆ. ಹಾಗೆಂದು ಗ್ಯಾಸ್ ಟಾರ್ಚ್ ತರಬೇಡಿ. ಪೆಟ್ರೋಲ್ ಪೈಪು, ವೈರು, ನೀವೇ ಬಿಟ್ಟ ಡೀಸೆಲ್ಲು, ಎಲ್ಲ ಗೇಣು ದೂರದಲ್ಲೇ ಇರುತ್ತವೆ. ಬಿಟ್ಟ ಎಣ್ಣೆ ಒರೆಸಿ, ಬ್ಯಾಟರಿಯ ವೈರು ಮತ್ತೆ ಜೋಡಿಸಿ, ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ ಆರಿಸಿ, ವೈರು ಮತ್ತೆ ತೆಗೆದು, ಬೆಚ್ಚಗಿರುವಾಗ ಪ್ರಯತ್ನಿಸಿ; ಮುಟ್ಟಿದರೆ ಸುಡುವಷ್ಟು ಬಿಸಿ ಬೇಡ. ಸ್ಪಾರ್ಕ್ ಪ್ಲಗ್ಗಿಗೆ ಮಾತ್ರ ಈ ಮಾತು ಅನ್ವಯಿಸದು. ಎಂಜಿನ್ ಪೂರ್ತಿ ತಣಿದ ಮೇಲೆಯೇ ಅದನ್ನು ತೆಗೆಯಬೇಕು, ಇಲ್ಲವಾದರೆ ಹೆಡ್ಡಿನ ಮೃದುವಾದ ತ್ರೆಡ್ ಕಿತ್ತುಬರುತ್ತದೆ. ಬಿಸಿ ಎಂಜಿನ್ನಿನ ಮೇಲೆ ತಣ್ಣೀರು ಸುರಿಯಬಾರದು, ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬಾರದು.

ಹೆಡ್ ಬೋಲ್ಟುಗಳನ್ನು ಮನೆಯಲ್ಲಿ ಮುಟ್ಟಬೇಡಿ. ಅವನ್ನು ಸಡಿಲಿಸಲು ಒಂದು ಕ್ರಮವಿದೆ. ಕ್ರಮ ತಪ್ಪಿದರೆ ಹೆಡ್ ಡೊಂಕಾಗುತ್ತದೆ. ಹಲವು ಗಾಡಿಗಳಲ್ಲಿ ಒಮ್ಮೆ ಬಿಚ್ಚಿದವನ್ನು ಮತ್ತೆ ಹಾಕುವಂತೆಯೂ ಇಲ್ಲ.

ಇಷ್ಟಾದರೂ ಮುರಿದರೆ ಗಾಬರಿಯಿಂದ ಡ್ರಿಲ್ ಹಿಡಿಯಬೇಡಿ. ಡ್ರಿಲ್ಲಿನ ಬಿಟ್ ನಡುವಿನಿಂದ ಸರಿದು ಅಲ್ಯೂಮಿನಿಯಂಗೆ ಹೊಕ್ಕರೆ ಕೆಲಸ ನಾಲ್ಕು ಪಟ್ಟಾಗುತ್ತದೆ. ದಂಡು ಮೇಲೆ ಚಾಚಿಕೊಂಡಿದ್ದರೆ ಅನುಭವಿ ವೆಲ್ಡರ್ ಅದರ ಮೇಲೆ ನಟ್ಟು ಬೆಸೆದು ತಿರುಗಿಸಿ ತೆಗೆಯಬಲ್ಲ. ಒಳಗೇ ಮುರಿದಿದ್ದರೆ ಲೇತ್ ಗೊತ್ತಿರುವವರ ಕೈಗೆ ಕೊಡಿ.

ಹೊಸ ಬೋಲ್ಟನ್ನು ಮೊದಲ ಮೂರು ಸುತ್ತು ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ತಿರುಗದಿದ್ದರೆ ಪಾನ ಹಾಕಬೇಡಿ. ಬೋಲ್ಟು ಓರೆ ಕೂತಿದೆ ಅಥವಾ ತ್ರೆಡ್ ಬೇರೆ ಇದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ 10 ಎಂಎಂ ದಂಡಿನ ಬೋಲ್ಟಿನ ತ್ರೆಡ್ 1.5 ಎಂಎಂ ಅಂತರದ್ದು; ನಮ್ಮ ರಸ್ತೆಯ ಬಹುಪಾಲು ಜಪಾನಿ ಮೂಲದ ಕಾರುಗಳಲ್ಲಿ ಅದೇ ದಂಡಿಗೆ 1.25. ನೋಡಲು ಎರಡೂ ಒಂದೇ. ತಲೆಯ ಮೇಲೆ 8.8 ಎಂದಿದ್ದ ಕಡೆ 4.6ರ ಮೆತ್ತನೆ ಬೋಲ್ಟು ಹಾಕಬೇಡಿ.

ಆದ್ದರಿಂದ ಸಿರುಗುಪ್ಪಕ್ಕೋ ಬಳ್ಳಾರಿಗೋ ಬೋಲ್ಟು ತರಲು ಹೊರಟವರು ಹಳೆಯದನ್ನು, ಮುರಿದ ತುಂಡಾದರೂ ಸರಿ, ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ.