ಪಳಗಿದ ಆನೆ, ಸಾಕಿದ ಹಸು

ಪ್ರಾಣಿಗಳನ್ನು ಕಾಡುಪ್ರಾಣಿ, ಸಾಕುಪ್ರಾಣಿ ಎಂದು ಎರಡಾಗಿ ಎಣಿಸುವುದು ನಮ್ಮಲ್ಲಿ ವಾಡಿಕೆ. ಈ ಎಣಿಕೆಯಲ್ಲಿ ಆನೆಗೆ ಸ್ಥಳ ದೊರೆಯುವುದಿಲ್ಲ. ಅಡವಿಯಲ್ಲಿರುವಾಗ ಅದು ಕಾಡುಪ್ರಾಣಿ, ಸರಿ. ಮಠದ ಮಹಾದ್ವಾರದಲ್ಲಿ ನಿಂತು ಭಕ್ತರ ತಲೆಯ ಮೇಲೆ ಸೊಂಡಿಲಿಡುವಾಗ ಸಾಕುಪ್ರಾಣಿಯಾಯಿತೆ? ಆಗಲಿಲ್ಲ. ಅದು ಪಳಗಿದ ಕಾಡುಪ್ರಾಣಿ. ಈ ಮೂರನೆಯ ಬಗೆಯನ್ನು ಬೇರ್ಪಡಿಸಿ ತಿಳಿಯದಿದ್ದರೆ ಮನುಷ್ಯನಿಗೂ ಕೇಡು, ಆನೆಗೂ ಕೇಡು.

ಪಳಗುವುದು ಒಂದು ಜೀವದ ಆಯುಷ್ಯದೊಳಗೆ ನಡೆಯತಕ್ಕ ಕಾರ್ಯ. ಸಾಕುತನವಾದರೋ ವಂಶದ ಗುಣ. ನಮ್ಮ ಹಿಣಿಲುಳ್ಳ ದನಗಳ ಪೂರ್ವಜರನ್ನು ಸುಮಾರು 8,000 ವರ್ಷಗಳ ಹಿಂದೆ ಸಿಂಧೂ ಕಣಿವೆಯ ಕಡೆಯಲ್ಲಿ ಮನುಷ್ಯನು ಹಟ್ಟಿಗೆ ತಂದನು. (ನಮ್ಮ ಮಲೆನಾಡಿನ ಕಾಟಿಯೇ ಆ ಪೂರ್ವಜನೆಂದು ಕೆಲವರು ಭಾವಿಸುವುದುಂಟು, ಅದು ಬೇರೆಯೇ ಜಾತಿ.) ಅಂದಿನಿಂದ ಸೌಮ್ಯವಾದುದನ್ನು ಉಳಿಸಿ, ಹಾಯುವುದನ್ನು ಕಳೆದು, ತಲೆತಲಾಂತರವಾಗಿ ತಳಿ ಬೆಳೆಸಿದುದರಿಂದ ದನದ ಸ್ವಭಾವವೇ ಮಾರ್ಪಟ್ಟಿತು. ಮೂಲದ ಕಾಡುದನವು ಇಂದು ಜಗತ್ತಿನಲ್ಲಿಲ್ಲ. ಅದರ ಕಡೆಯ ಹಸು 1627ರಲ್ಲಿ ಪೋಲೆಂಡಿನಲ್ಲಿ ಅಳಿಯಿತು.

ಈ ಮಾರ್ಪಾಟನ್ನು ಕಣ್ಣಾರೆ ಕಂಡವರೂ ಇರುವರು. ರಷ್ಯಾ ದೇಶದ ಬೆಲ್ಯಾಯೆವ್ ಎಂಬ ವಿಜ್ಞಾನಿಯು 1959ರಲ್ಲಿ ತುಪ್ಪುಳಿಗಾಗಿ ಗೂಡಿನಲ್ಲಿಟ್ಟ ನರಿಗಳನ್ನು ತೆಗೆದುಕೊಂಡು, ಮನುಷ್ಯನಿಗೆ ಅತಿ ಕಡಿಮೆ ಹೆದರುವ ಮರಿಗಳನ್ನೇ ಆರಿಸಿ ಸಂತಾನ ಬೆಳೆಸಿದನು. ಕೆಲವೇ ತಲೆಮಾರುಗಳಲ್ಲಿ ಅವು ನಾಯಿಯಂತೆ ಬಾಲವಾಡಿಸತೊಡಗಿದುವು. ಕೆಲವಕ್ಕೆ ಕಿವಿಯೂ ಜೋತುಬಿದ್ದಿತು.

ಆನೆಯ ವಿಷಯದಲ್ಲಿ ಇಂಥ ಆಯ್ಕೆ ನಡೆಯಲೇ ಇಲ್ಲ. ಗರ್ಭವೇ ಸುಮಾರು 22 ತಿಂಗಳು. ಮರಿ ದುಡಿಮೆಗೆ ಬರುವವರೆಗೆ ಹತ್ತಾರು ವರ್ಷ ಮೇವು ಹಾಕುವವರಾರು? ಬೆಳೆದುದನ್ನೇ ಹಿಡಿದು ಪಳಗಿಸುವುದು ಸುಲಭವಾಯಿತು. ಮೈಸೂರು ಸೀಮೆಯಲ್ಲಿ ಸ್ಯಾಂಡರ್ಸನ್ನನು 1874ರಲ್ಲಿ ನಡೆಸಿದ ಖೆಡ್ಡಾ ಮೊದಲ್ಗೊಂಡು 1971ರ ಕಾಕನಕೋಟೆಯ ಕಡೆಯ ಖೆಡ್ಡಾದವರೆಗೆ ನಡೆದುದು ಇದೇ. ಶಿಬಿರದಲ್ಲಿ ಹುಟ್ಟಿದ ಮರಿಯ ವಿಷಯವೂ ಬಹುಮಟ್ಟಿಗೆ ಅಷ್ಟೆ. ರಾತ್ರಿ ಸರಪಳಿ ಎಳೆದುಕೊಂಡು ಮೇಯಹೋದ ಹೆಣ್ಣಾನೆಯು ಅಡವಿಯ ಸಲಗವನ್ನು ಕೂಡಿ ಬಸಿರಾಗುವುದುಂಟು. ಅಲ್ಲಿ ತಂದೆಯನ್ನು ಆರಿಸುವವನು ಮನುಷ್ಯನಲ್ಲ.

ಆದುದರಿಂದ ಮೂವತ್ತು ವರ್ಷ ಮಾವುತನ ಮಾತು ಕೇಳಿದ ಗಂಡಾನೆಯೂ ಒಳಗೆ ಕಾಡಿನದೇ. ಮದವೇರಿ ಕಣ್ಣು ಕಿವಿಗಳ ನಡುವಣ ಗ್ರಂಥಿಯು ಒಸರತೊಡಗಿದಾಗ ಅದು ಅನ್ನವಿಕ್ಕಿದವನನ್ನೂ ಎಣಿಸದು. ಇದು ಕೃತಘ್ನತೆಯಲ್ಲ, ದೇಹಧರ್ಮ. ಅಂಕುಶದಿಂದ ತಿವಿದು ಇದನ್ನು ತಿದ್ದಲು ಹೋಗುವುದು ಕ್ರೌರ್ಯ ಮಾತ್ರವಲ್ಲ, ಅವಿವೇಕವೂ ಅಹುದು. ಹೆಣ್ಣಾನೆಗೆ ಈ ಭಯವಿಲ್ಲವಾದರೂ ಹಿಂಡಿನಲ್ಲಿ ಬಾಳತಕ್ಕ ಆ ಜೀವಿಯನ್ನು ಒಂಟಿಯಾಗಿ ಕಲ್ಲುನೆಲದ ಮೇಲೆ ನಿಲ್ಲಿಸುವುದೂ, ಜಾತ್ರೆಯ ಪಟಾಕಿ ವಾದ್ಯಗಳ ನಡುವೆ ನಡೆಸುವುದೂ ವಿಚಾರಾರ್ಹ.

ಭಕ್ತರು ಮಕ್ಕಳನ್ನು ಸೊಂಡಿಲಿನ ಕೆಳಗೆ ನಿಲ್ಲಿಸುವ ಮುನ್ನ ಮಾವುತನನ್ನು ಕೇಳಬೇಕು. ಅವನು ಇಂದು ಬೇಡವೆಂದರೆ ಬಾಳೆಯ ಹಣ್ಣನ್ನು ಅವನ ಕೈಗೆ ಕೊಟ್ಟು ದೂರದಿಂದಲೇ ನೋಡಿ ಬರತಕ್ಕದ್ದು.