ಉದ್ಯೋಗಸ್ಥರು ಓದತಕ್ಕ ಒಂದು ಪ್ರಸಂಗ

ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿಯೋ ಧಾರವಾಡದ ಕಚೇರಿಗಳಲ್ಲಿಯೋ ದುಡಿಯುವ ಸದ್ಭಕ್ತರು, ಮೇಲಧಿಕಾರಿಯೊಡನೆ ಹೇಗೆ ನಡೆಯಬೇಕು, ಕೈಕೆಳಗಿನವರೊಡನೆ ಹೇಗೆ ನುಡಿಯಬೇಕು ಎಂಬುದಕ್ಕೆ ಯಾವ ಗ್ರಂಥವನ್ನು ಓದಬೇಕೆಂದು ಕೇಳುವುದುಂಟು. ಅಂಥವರು ಶೂನ್ಯಸಂಪಾದನೆಯಲ್ಲಿಯ ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನು ಮೊದಲು ಓದತಕ್ಕದ್ದು.

ಪ್ರಭುದೇವರ ಸನ್ನಿಧಿಯ ಅನುಭಾವಗೋಷ್ಠಿಯಲ್ಲಿ ಮಗ್ನನಾದ ಮಾರಯ್ಯನು ಅಕ್ಕಿಯನ್ನು ಆಯುವ ಕಾಯಕವನ್ನೇ ಮರೆಯುತ್ತಾನೆ. ಸತಿ ಲಕ್ಕಮ್ಮ ಬಂದು ಎಚ್ಚರಿಸುತ್ತಾಳೆ. ಅವನು ಧಾವಿಸಿ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತರಲು, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹುತ್ತಾಳೆ. ಆಕೆಯ ನಿಷ್ಠೆಯನ್ನು ಎಲ್ಲರೂ ಕೊಂಡಾಡುವರು. ಆಕೆಯ ಮಾತಿನ ರೀತಿಯನ್ನು ಗಮನಿಸುವವರು ವಿರಳ. ತಪ್ಪನ್ನು ನೆರೆಹೊರೆಯವರ ಕಿವಿಗೆ ಹಾಕದೆ ತಪ್ಪಿದವನಿಗೇ ಹೇಳಿದಳು. ತಿದ್ದಿಕೊಳ್ಳುವ ದಾರಿಯನ್ನೂ ಜೊತೆಗೇ ತೋರಿದಳು. ಮಾರಯ್ಯನಾದರೋ, ಹೆಂಡತಿಯಿಂದ ಕೇಳಬೇಕೇ ಎಂದು ಕೆರಳದೆ ಅಕ್ಕಿಯನ್ನು ಹೊತ್ತು ಹಿಂದಿರುಗಿದನು. ಇಂದು ಗುಮಾಸ್ತನೊಬ್ಬನು ಲೆಕ್ಕದಲ್ಲಿ ತಪ್ಪು ತೋರಿಸಿದರೆ ಎಷ್ಟು ಮಂದಿ ಅಧಿಕಾರಿಗಳು ಹೀಗೆ ಹಿಂದಿರುಗಿಯಾರು?

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರವರೆಗೆ ಶೂನ್ಯಸಂಪಾದನೆಯನ್ನು ಇಂಗ್ಲಿಷ್ ಅನುವಾದದೊಡನೆ ಐದು ಸಂಪುಟಗಳಲ್ಲಿ ಪ್ರಕಟಿಸಿದೆ. ಇಂಗ್ಲಿಷಿನಲ್ಲಿ ಕಲಿತ ಮಕ್ಕಳು ಅದನ್ನು ಹಿಡಿಯಲಿ. ಹಿರಿಯರು ಮೂಲವನ್ನೇ ಮನೆಯಲ್ಲಿ ಗಟ್ಟಿಯಾಗಿ ಓದಿಸಿ ಕೇಳಲಿ. ಪದ ತೊಡಕಾದರೆ ಅರ್ಥ ಬಲ್ಲವರು ಮಠದಲ್ಲಿರುವರು. ಇದು ಮುಗಿದ ಮೇಲೆ ನುಲಿಯ ಚಂದಯ್ಯನ ಪ್ರಸಂಗವನ್ನು ಎತ್ತಿಕೊಳ್ಳಬಹುದು.