ಕನ್ನಡಕ ಬೇಡವೆಂದ ಅಮ್ಮ

ಪ್ರಶ್ನೆ: ಅಮ್ಮನಿಗೆ 68 ವರ್ಷ. ಚಾಳೀಸು ಇಲ್ಲದೆ ಪೇಪರ್ ಮುಟ್ಟದಿದ್ದವರು ಈಗ ಕೆಲವು ತಿಂಗಳಿಂದ ಬರಿಗಣ್ಣಲ್ಲೇ ಓದುತ್ತಾರೆ, ಸೂಜಿಗೆ ದಾರ ಪೋಣಿಸುತ್ತಾರೆ. ದಿನಾ ತಿನ್ನುವ ನುಗ್ಗೆಸೊಪ್ಪಿನ ಫಲ ಎನ್ನುತ್ತಾರೆ. ನಿಜವೇ ಡಾಕ್ಟ್ರೇ?
– ಓದುಗರು, ಹೊಸದುರ್ಗ

ಉತ್ತರ: ನುಗ್ಗೆಸೊಪ್ಪು ತಿನ್ನಲಿ, ಒಳ್ಳೆಯದೇ. ಆದರೆ ಈ ಕೀರ್ತಿ ಅದಕ್ಕೆ ಸಲ್ಲದು. ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ನಿಲ್ಲಿಸಿ, ದೂರದಿಂದ ಬರುವ ಬಸ್ಸಿನ ಬೋರ್ಡ್ ಓದಲು ಹೇಳಿ. ಮೊದಲಿನಂತೆ ಓದಲು ಆಗದಿದ್ದರೆ ಪೊರೆ ಶುರುವಾಗಿರಬಹುದು.

ಬೆಳಕು ಗಾಳಿಯಿಂದ ಕಣ್ಣಿನೊಳಗೆ ಹೋಗುವಾಗ ಬಾಗುತ್ತದೆ. ಶಾಲೆಯಲ್ಲಿ ಓದಿದ ವಕ್ರೀಭವನ ಇದೇ. ಬಾಗಿಸುವ ಕೆಲಸದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕಣ್ಣಿನ ಮುಂಭಾಗದ ಕಾರ್ನಿಯಾದ್ದು, ಉಳಿದದ್ದು ಒಳಗಿನ ಮಸೂರದ್ದು. ಕಿರಣಗಳು ರೆಟಿನಾದ ಮೇಲೆಯೇ ಕೂಡಿದರೆ ಚಿತ್ರ ಸ್ಪಷ್ಟ. ನಲವತ್ತು ದಾಟಿದಂತೆ ಮಸೂರ ಬಿಗಿಯಾಗಿ, ಹತ್ತಿರದ್ದನ್ನು ನೋಡಲು ಬೇಕಾದಷ್ಟು ಉಬ್ಬಲಾರದು, ಅದಕ್ಕೇ ಚಾಳೀಸು. ಇನ್ನೂ ವಯಸ್ಸಾದಾಗ ಕೆಲವರಲ್ಲಿ ಮಸೂರದ ನಡುಭಾಗ ಗಟ್ಟಿಯಾಗಿ ಬೆಳಕನ್ನು ಮೊದಲಿಗಿಂತ ಹೆಚ್ಚು ಬಾಗಿಸತೊಡಗುತ್ತದೆ. ಆಗ ಹತ್ತಿರದ ಅಕ್ಷರ ತಿಳಿಯಾಗುತ್ತದೆ, ದೂರದ್ದು ಮಬ್ಬಾಗುತ್ತದೆ. ಈ ಅನುಕೂಲ ಬಹಳ ಕಾಲ ಉಳಿಯದು. ಪೊರೆ ಬಲಿತಂತೆ ಓದುವುದೂ ಕಷ್ಟವಾಗುತ್ತದೆ.

ಹೆದರುವಂಥದ್ದೇನಲ್ಲ. ಹಿಂದೆ ಪೊರೆ ತೆಗೆಸಿಕೊಂಡ ಅಜ್ಜ-ಅಜ್ಜಿಯರು ಸೀಸೆಯ ತಳದಂಥ ದಪ್ಪ ಗಾಜು ಹಾಕಿಕೊಂಡು ಓಡಾಡುತ್ತಿದ್ದುದು ಹಿರಿಯರಿಗೆ ನೆನಪಿರಬೇಕು. ತೆಗೆದ ಮಸೂರ ಮಾಡುತ್ತಿದ್ದ ಕೆಲಸವನ್ನೆಲ್ಲ ಆ ಗಾಜು ಹೊರಗಿನಿಂದ ಮಾಡಬೇಕಿತ್ತು. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಕಣ್ಣಿನೊಳಗೇ ಕೃತಕ ಮಸೂರ ಕೂರಿಸಿ ಬೇರೆ ದಾರಿ ತೆರೆದರು. ಈಗ ಕಣ್ಣುಗುಡ್ಡೆಯ ಉದ್ದ, ಕಾರ್ನಿಯಾದ ಉಬ್ಬು ಅಳೆದು, ಅವರವರ ಕಣ್ಣಿಗೆ ಎಷ್ಟು ಪವರ್ ಬೇಕೆಂದು ಮೊದಲೇ ಲೆಕ್ಕ ಹಾಕುತ್ತಾರೆ. ಅಮ್ಮನನ್ನು ಒಮ್ಮೆ ಕಣ್ಣಿನ ವೈದ್ಯರಿಗೆ ತೋರಿಸಿ.

ಪ್ರಶ್ನೆ: ವಯಸ್ಸು 45, ಅಡಿಕೆ ವ್ಯಾಪಾರ. ಹೋದ ತಿಂಗಳು ಶುಗರ್ ಇದೆ ಎಂದು ಗೊತ್ತಾಗಿ ಮಾತ್ರೆ ಶುರು ಮಾಡಿದೆ. ಅದಕ್ಕೂ ಮೊದಲು ಮಾಡಿಸಿದ ಹೊಸ ಕನ್ನಡಕ ಈಗ ಹೊಂದುತ್ತಲೇ ಇಲ್ಲ. ಅಂಗಡಿಯವನು ತಪ್ಪು ನಂಬರು ಹಾಕಿದನೇ?
– ಓದುಗರು, ಹೊಳಲ್ಕೆರೆ

ಉತ್ತರ: ಅಂಗಡಿಯವನೊಂದಿಗೆ ಜಗಳಕ್ಕೆ ಹೋಗಬೇಡಿ. ಸಕ್ಕರೆ ಏರಿಳಿದಾಗ ಮಸೂರದೊಳಗಿನ ನೀರಿನ ಪ್ರಮಾಣ ಬದಲಾಗಿ, ಅದು ಬೆಳಕನ್ನು ಬಾಗಿಸುವ ರೀತಿಯೂ ಬದಲಾಗುತ್ತದೆ. ಸಕ್ಕರೆ ಹೆಚ್ಚಿದ್ದಾಗ ಪರೀಕ್ಷಿಸಿದ ನಂಬರು ಅದು ಇಳಿದ ಮೇಲೆ ಹೊಂದದಿರುವುದು ಸಹಜ. ಶುಗರ್ ಹತೋಟಿಗೆ ಬಂದು ಕೆಲವು ವಾರ ಸ್ಥಿರವಾಗಿದ್ದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ. ಕನ್ನಡಕದ ನಂಬರಿಗಿಂತ ಮುಖ್ಯವಾದದ್ದು ರೆಟಿನಾ ಪರೀಕ್ಷೆ. ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡು ಅದನ್ನು ಈಗಲೇ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ ತಪ್ಪಿಸಬೇಡಿ.

ಪ್ರಶ್ನೆ: ಹತ್ತು ವರ್ಷದ ಮಗಳಿಗೆ ಮೈನಸ್ ಒಂದೂವರೆ ಬಂದಿದೆ. ಹಾಕಿದರೆ ನಂಬರು ಏರುತ್ತಲೇ ಹೋಗುತ್ತೆ ಎಂದು ಅತ್ತೆ ಕನ್ನಡಕ ಹಾಕಲು ಬಿಡುತ್ತಿಲ್ಲ.
– ತಾಯಿ, ಚಿತ್ರದುರ್ಗ

ಉತ್ತರ: ಕನ್ನಡಕವಿಲ್ಲದೆ ನಿಮ್ಮ ಮಗಳಿಗೆ ಸುಮಾರು 67 ಸೆಂಟಿಮೀಟರ್ ಆಚೆಗಿನದೆಲ್ಲ ಮಬ್ಬು. ಕರಿಹಲಗೆ ಎಷ್ಟು ದೂರವಿರುತ್ತದೆ ಎಂದು ಅತ್ತೆಯವರನ್ನೇ ಕೇಳಿ. ಇದು ಸಾಮಾನ್ಯವಾಗಿ ಕಣ್ಣುಗುಡ್ಡೆ ಉದ್ದವಾಗಿ ಬೆಳೆದದ್ದರಿಂದ ಬರುವ ದೋಷ. ಕಿರಣಗಳು ರೆಟಿನಾ ತಲುಪುವ ಮೊದಲೇ ಕೂಡಿಬಿಡುತ್ತವೆ. ಮೈನಸ್ ಗಾಜು ಅವನ್ನು ಸ್ವಲ್ಪ ಅಗಲಿಸಿ ಹಿಂದಕ್ಕೆ ಕಳಿಸುತ್ತದೆ, ಅಷ್ಟೇ. ಮಗು ಬೆಳೆಯುವಾಗ ಗುಡ್ಡೆಯೂ ಬೆಳೆದು ನಂಬರು ಏರಬಹುದು. ಕನ್ನಡಕ ಹಾಕಿದರೂ ಹಾಕದಿದ್ದರೂ ಅದು ನಡೆಯುವಂಥದ್ದೇ. ದಿನಕ್ಕೆ ಎರಡು ಗಂಟೆ ಬಯಲು ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ಈ ದೋಷ ಕಾಣಿಸಿಕೊಳ್ಳುವುದು ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ಅತ್ತೆಯವರೇ ಭಾನುವಾರ ಮೊಮ್ಮಗಳನ್ನು ಕೋಟೆಗೆ ಕರೆದುಕೊಂಡು ಹೋಗಲಿ, ಕನ್ನಡಕ ಹಾಕಿಸಿಕೊಂಡೇ.

ಪ್ರಶ್ನೆ: ನಾಲೆಯಲ್ಲಿ ಈಜುವಾಗ ನೀರಿನೊಳಗೆ ಕಣ್ಣು ಬಿಟ್ಟರೆ ಎಲ್ಲ ಮಸುಕು. ಗಾಗಲ್ಸ್ ಹಾಕಿದರೆ ಚೆನ್ನಾಗಿ ಕಾಣುತ್ತೆ. ನನಗೂ ನಂಬರು ಬಂದಿದೆಯೇ?
– ಪಿಯುಸಿ ವಿದ್ಯಾರ್ಥಿ, ಹಿರಿಯೂರು

ಉತ್ತರ: ದಡದಲ್ಲಿ ಚೆನ್ನಾಗಿ ಕಂಡರೆ ಚಿಂತೆಯಿಲ್ಲ. ನೀರಿನ ವಕ್ರೀಭವನ ಸೂಚ್ಯಂಕ 1.33, ಕಾರ್ನಿಯಾದ್ದು ಸುಮಾರು 1.38. ಎರಡೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ನೀರಿನಲ್ಲಿ ಕಾರ್ನಿಯಾ ಬೆಳಕನ್ನು ಬಾಗಿಸಲಾರದು. ಗಾಗಲ್ಸ್ ಕಣ್ಣಿನ ಮುಂದೆ ಒಂದಿಷ್ಟು ಗಾಳಿ ಹಿಡಿದಿಡುತ್ತದೆ, ಕಾರ್ನಿಯಾಗೆ ಅದರ ಶಕ್ತಿ ಮರಳುತ್ತದೆ.

ನೀವು ಕೇಳದಿದ್ದರೂ ಒಂದು ಮಾತು. 1933ರ ನಂತರ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ತುಂಬಿದ ನೀರು ಕಂಡರೆ ಹುಡುಗರ ಕಾಲು ನಿಲ್ಲುವುದಿಲ್ಲ. ಆದರೆ ಇದೇ ವಕ್ರೀಭವನದಿಂದಾಗಿ, ನೇರ ಮೇಲಿನಿಂದ ನೋಡಿದಾಗ ಎಂಟು ಅಡಿ ಆಳ ಆರು ಅಡಿಯಷ್ಟೇ ಎನಿಸುತ್ತದೆ. ದಡದಿಂದ ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಕಾಲು ನಿಲುಕುತ್ತದೆ ಎಂದು ಕಣ್ಣಂದಾಜಿನಲ್ಲಿ ಇಳಿಯಬೇಡಿ, ಕೋಲು ಇಳಿಸಿ ಆಳ ನೋಡಿಕೊಳ್ಳಿ. ಗೊತ್ತಿಲ್ಲದ ನೀರಿಗೆ ತಲೆ ಮುಂದಾಗಿ ಹಾರಲೇಬೇಡಿ, ತಳದಲ್ಲಿ ಬಂಡೆಯಿದ್ದರೆ ಕತ್ತಿನ ಮೂಳೆ ಮುರಿಯುತ್ತದೆ.